‘ಸರ್ವೈವರ್ ಎಲೆಕ್ಷನ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಫೆಡರಲ್ ನೌಕರಿಯಿಂದ ನಿವೃತ್ತರಾದ ಒಬ್ಬರು ತಮ್ಮ ಪಿಂಚಣಿ ಕಾಗದಗಳನ್ನು ಹೆಂಡತಿಗಾಗಿ ಕನ್ನಡ ಮಾಡಿಸುತ್ತಿದ್ದಾರೆ. ನಾಳೆ ಸಂಜೆಯೊಳಗೆ ಕೊಡಬೇಕು. ಅವರು ನಿವೃತ್ತರಾಗುವಾಗ ಆಕೆ ನೋಟರಿ ಮುಂದೆ ಸಹಿ ಹಾಕಿದ ಎಸ್‌ಎಫ್ 3107-2 ಅನ್ನೋ ಒಪ್ಪಿಗೆ ಪತ್ರವೂ ಇದರಲ್ಲಿದೆ. ನಿವೃತ್ತರು ತೀರಿಕೊಂಡ ಮೇಲೆ ಸಂಗಾತಿಗೆ ಎಷ್ಟು ಪಿಂಚಣಿ ಅಂತ ಆರಿಸುವುದಕ್ಕೆ ಅಲ್ಲಿ ‘ಸರ್ವೈವರ್ ಎಲೆಕ್ಷನ್’ ಅಂತಾರೆ. ಅನುವಾದದ ಯಂತ್ರ ಆ ಪತ್ರದ ತಲೆಬರಹವನ್ನು ‘ಬದುಕುಳಿದವರ ಚುನಾವಣೆಗೆ ಸಂಗಾತಿಯ ಸಮ್ಮತಿ’ ಎಂದು ಮಾಡಿಕೊಟ್ಟಿತು. ಭೂಕಂಪ ಆದಮೇಲೆ ಓಟಿಗೆ ನಿಂತ ಹಾಗಿದೆ. ‘ಹಿಂದೆ ಉಳಿದವರು’ ಅನ್ನೋಣ ಅಂದ್ರೆ ಓದುವವರಿಗೆ ಮೀಸಲಾತಿ ನೆನಪಾಗುತ್ತೆ. ಏನು ಬರೆಯಲಿ?

ಮರು:

ಉತ್ತರಜೀವಿ. ಹಿಂದಿಯ ಸರ್ಕಾರಿ ಕಾಗದಗಳಲ್ಲಿ ಆಗಲೇ ಇದೆ. ಮುಗೀತು.

ಮರು: ಮರು:

ಮುಗಿಯಲಿಲ್ಲ. ‘ಉತ್ತರಜೀವಿ’ ಅಂದರೆ ಉತ್ತರ ದಿಕ್ಕಿನ ಪ್ರಾಣಿ ಅಂದುಕೊಳ್ಳುತ್ತಾರೆ ಜನ. ‘ಉಳಿವಿಗ’ ಅನ್ನಿ, ಅಚ್ಚಗನ್ನಡ. ‘ಎಲೆಕ್ಷನ್’ಗೆ ‘ಆಯ್ಕೆ’ ಇದ್ದೇ ಇದೆ. ಅಕ್ಕಿಯಲ್ಲಿ ಕಲ್ಲು ಆಯುತ್ತೇವಲ್ಲ, ಅದೇ ‘ಆಯ್’. ಇನ್ನು ‘ಪಿಂಚಣಿ’ ಇಂಗ್ಲಿಷಿನ ಎಂಜಲು. ಅದನ್ನೂ ತೆಗೆಯಿರಿ.

ಮರು: ಮರು: ಮರು:

ಯಂತ್ರವನ್ನು ಸುಮ್ನೆ ಬೈಯಬೇಡಿ. ‘ಚುನಾವಣೆ’ಯ ಬೇರು ಹಿಂದಿಯ ‘ಚುನ್ನಾ’, ಅಂದರೆ ಆರಿಸು. ಇಂಗ್ಲಿಷಿನ ಎಲೆಕ್ಷನ್ ಕೂಡ ಲ್ಯಾಟಿನ್ನಿನ ‘ಆರಿಸು’ವಿನಿಂದಲೇ ಬಂದದ್ದು. ಬೇರಿನ ಲೆಕ್ಕದಲ್ಲಿ ಯಂತ್ರ ಸರಿ, ಬಳಕೆಯಲ್ಲಿ ತಪ್ಪು. ಪೆನ್ಷನ್ ಇನ್ನೂ ಚೆಂದ: ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ತೂಗು, ತೂಗಿ ಕೊಡು ಅನ್ನೋ ಅರ್ಥ. ‘ಪಿಂಚಣಿ’ ಎಂಜಲಾದರೆ ನೀವು ಕೂರುವ ಕುರ್ಚಿ, ಬರೆಯುವ ಕಾಗದ ಎರಡೂ ಎಂಜಲೇ. ಅರಬ್ಬೀ, ಫಾರ್ಸಿ ಕಡೆಯವು.

ಮರು: ಮರು: ಮರು: ಮರು:

ನಾನು ಕುರ್ಚಿಯ ಮೇಲೆ ಕೂತಿಲ್ಲ. ಮಣೆಯ ಮೇಲೆ ಕೂತಿದ್ದೇನೆ.

ಮರು: ‘ಸರ್ವೈವರ್ ಎಲೆಕ್ಷನ್’

ಅರ್ಥ ಬಿಟ್ಟು ಬೇರು ಅಗೆಯುತ್ತಿದ್ದೀರಿ. ಯಾರೂ ‘ಕುಟುಂಬ ಪಿಂಚಣಿ’ ಅನ್ನಲಿಲ್ಲ ಯಾಕೆ ಅಂತ ನೋಡುತ್ತಿದ್ದೆ. ಅನ್ನದೇ ಇದ್ದದ್ದೇ ಒಳ್ಳೆಯದು. ಭಾರತದ ಸರ್ಕಾರಿ ನೌಕರರ ಹಳೆಯ ಪಿಂಚಣಿಯಲ್ಲಿ ಅದು ನಿಯಮದ ಪ್ರಕಾರ ತಾನಾಗಿ ಬರುತ್ತದೆ. ಅದಕ್ಕಾಗಿ ನಿವೃತ್ತರ ಪಿಂಚಣಿಯಲ್ಲಿ ಏನೂ ಹಿಡಿಯುವುದಿಲ್ಲ. ಅಮೆರಿಕದ ಫೆಡರಲ್ ನೌಕರರ ಫರ್ಸ್ (FERS) ಪಿಂಚಣಿ ಪದ್ಧತಿಯಲ್ಲಿ ಹಾಗಲ್ಲ. ಗಂಡನಿಗೆ ತಿಂಗಳಿಗೆ 3,000 ಡಾಲರ್ ಅಂತಿಟ್ಟುಕೊಳ್ಳಿ. ಹೆಂಡತಿಗೆ ಪೂರ್ತಿ ಪಾಲು, ಅಂದರೆ ಅರ್ಧ ಪಿಂಚಣಿ, ಆರಿಸಿದರೆ ಶೇ. 10 ಕಡಿತ, ಕೈಗೆ 2,700. ಅವರ ನಂತರ ಹೆಂಡತಿಗೆ 1,500. ಗಮನಿಸಿ, ಅರ್ಧ ಬರುವುದು 2,700ರಲ್ಲಲ್ಲ, ಕಡಿತಕ್ಕೆ ಮುಂಚಿನ 3,000ದಲ್ಲಿ. ಕಡಿಮೆ ಪಾಲು ಆರಿಸಿದರೆ ಶೇ. 5 ಕಡಿತ, ಹೆಂಡತಿಗೆ 750 ಮಾತ್ರ. ಪೂರ್ತಿ ಪಾಲು ಬೇಡ ಅನ್ನೋದಕ್ಕೇ ಹೆಂಡತಿಯ ಸಹಿ ಬೇಕು. ಅಂದರೆ ಆಕೆ ಒಪ್ಪಿದ್ದು ಯಾವ ‘ಚುನಾವಣೆ’ಗೂ ಅಲ್ಲ, ತನ್ನ ಪಾಲು ಕಡಿಮೆಯಾಗುವುದಕ್ಕೆ. ಅನುವಾದದಲ್ಲಿ ಇದು ಕಾಣದಿದ್ದರೆ ‘ಉಳಿವಿಗ’ ಬಂದರೇನು, ‘ಉತ್ತರಜೀವಿ’ ಬಂದರೇನು?

‘ನಾಮಿನಿ’ ಅಂತೂ ಬೇಡವೇ ಬೇಡ. ಅದು ಬೇರೆ ವಿಷಯ.

ಮರು: ಮರು:

ಪ್ರಶ್ನೆ ಕೇಳಿದವಳು ನಾನೇ. ಇದು ಉಪಯೋಗಕ್ಕೆ ಬಂತು. ಅವರೀಗ ಪಾಲು ಜಾಸ್ತಿ ಮಾಡಿಸಬೇಕು ಅಂತಿದ್ದಾರೆ. ಮೊದಲ ಪೂರ್ತಿ ಪಿಂಚಣಿ ಕೈಸೇರಿ 30 ದಿನದೊಳಗಾದರೆ ಆಯ್ಕೆಯನ್ನು ಹೇಗೆ ಬೇಕಾದರೂ ಬದಲಿಸಬಹುದಿತ್ತು. ಅದು ದಾಟಿದೆ. ಪಿಂಚಣಿ ಶುರುವಾಗಿ 18 ತಿಂಗಳ ತನಕ ಹೆಚ್ಚಿಸಲು ಮಾತ್ರ ಅವಕಾಶ, ಇಳಿಸುವಂತಿಲ್ಲ. ಹಾಗೆ ಹೆಚ್ಚಿಸಲೂ ಇಲ್ಲಿಯವರೆಗಿನ ಕಡಿತದ ವ್ಯತ್ಯಾಸದ ಜೊತೆಗೆ ಇನ್ನಷ್ಟು ಹಣ ಕಟ್ಟಬೇಕು. ಇಲ್ಲಿ ‘ಬದಲಾವಣೆ’ ಅಂತ ಬರೆದರೆ ಎರಡೂ ಕಡೆ ಬಾಗಿಲು ತೆರೆದಿದೆ ಅನಿಸುತ್ತೆ. ‘ಪಾಲು ಹೆಚ್ಚಿಸುವುದು’ ಅಂತಲೇ ಬರೆದೆ.

ತಲೆಬರಹ ಹೀಗಿದೆ: ‘ನಿವೃತ್ತರ ನಂತರ ಸಂಗಾತಿಗೆ ಸಿಗುವ ಪಿಂಚಣಿಯ ಪಾಲು: ಆಯ್ಕೆಗೆ ಸಂಗಾತಿಯ ಒಪ್ಪಿಗೆ’.

ಮರು: ಮರು: ಮರು:

‘ನಿವೃತ್ತರ ನಂತರ’ ಅಂದರೆ? ಸತ್ತ ಮೇಲೆ ಅನ್ನೋದಕ್ಕೆ ಯಾಕೆ ಹೆದರಿಕೆ? ಓದಿದವರು ನಿವೃತ್ತಿಯ ನಂತರ ಅಂದುಕೊಂಡಾರು.

ಮರು: ಮರು: ಮರು: ಮರು:

ಹೌದಲ್ವಾ! ‘ನಿವೃತ್ತರು ತೀರಿಕೊಂಡ ಮೇಲೆ’ ಅಂತ ತಿದ್ದಿ ಕಳಿಸಿದೆ. ಆಕೆ ಓದಿ, ‘ಇದಕ್ಕಾ ನಾನು ಅವತ್ತು ಸಹಿ ಹಾಕಿದ್ದು?’ ಅಂದರಂತೆ. ಎಲ್ಲರಿಗೂ ಥ್ಯಾಂಕ್ಸ್.

ಮರು: ಮರು: ಮರು: ಮರು: ಮರು:

‘ಪಿಂಚಣಿ’ ಹಾಗೇ ಬಿಟ್ಟಿರಲ್ಲ. ‘ಥ್ಯಾಂಕ್ಸ್’ ಬೇರೆ.