ಸಂಬಳವಿಲ್ಲದ ಓವರ್‌ಟೈಮ್: ಮುಂದೆ ಲಾಭ ಇದೆಯಾ?

ರಾತ್ರಿದೀಪ:
ವಾರಕ್ಕೆ 40 ಗಂಟೆ ಅಂತ ಸೇರಿದ ಕೆಲಸ, ಎರಡು ವರ್ಷದಿಂದ 50 ಆಗಿದೆ. ಹೆಚ್ಚಿನ ಹತ್ತು ಗಂಟೆಗೆ ಬಿಡಿಗಾಸೂ ಇಲ್ಲ. "ಪ್ರಮೋಷನ್ ಬರುತ್ತೆ, ಸುಮ್ನೆ ಮಾಡು" ಅಂತಾರೆ ಎಲ್ಲರೂ. ಮುಂದೆ ನಿಜವಾಗಲೂ ಗಿಟ್ಟುತ್ತಾ?

ಲೆಕ್ಕದಕ್ಕ:
ಗಂಟೆಯ ಲೆಕ್ಕ ಹಾಕಿ ನೋಡಿ. ಅದೇ ಸಂಬಳಕ್ಕೆ 50 ಗಂಟೆ ದುಡಿದರೆ ನಿಮ್ಮ ಗಂಟೆಯ ಕೂಲಿ ಶೇ 20 ಇಳಿಯಿತು. ಅದನ್ನು ಸರಿದೂಗಿಸೋಕೆ ಶೇ 20 ಅಲ್ಲ, ಶೇ 25 ಹೆಚ್ಚಳ ಬೇಕು. ಪ್ರಮೋಷನ್ ಆದ ಮೇಲೆ ಕೆಲಸ 60 ಗಂಟೆಗೆ ಹೋದರೆ ಅದೂ ಸಾಲದು.

ಹಳೇಕೈ:
ಅಕ್ಕ ಹೇಳಿದ್ದು ಸರಿ, ಆದರೆ ಇನ್ನೊಂದು ಮುಖ ಇದೆ. ಮೂಲ ಸಂಬಳ ಒಮ್ಮೆ ಏರಿದರೆ ಮುಂದಿನ ಪ್ರತಿ ಹೆಚ್ಚಳವೂ ಅದರ ಮೇಲೇ ಬರುತ್ತೆ, ಹಾಗಾಗಿ ಶುರುವಿನ ವರ್ಷಗಳಲ್ಲಿ ಸಿಕ್ಕ ಪ್ರಮೋಷನ್ನಿಗೆ ಬೆಲೆ ಜಾಸ್ತಿ. ಸಿಕ್ಕರೆ! ನಾನೂ ಮೂರು ವರ್ಷ ಹೀಗೇ ದುಡಿದೆ. ಹಾಜರಿ ಶೀಟಿನಲ್ಲಿ ದಿನಕ್ಕೆ 8 ಗಂಟೆಗಿಂತ ಜಾಸ್ತಿ ಬರೆಯೋಕೇ ಬಿಡುತ್ತಿರಲಿಲ್ಲ, ಹಾಗಾಗಿ ಮೇಲಿನವರ ಕಣ್ಣಿಗೆ ನಾನು ಎಂಟೇ ಗಂಟೆ ಕೆಲಸದವನು. ಕೊನೆಗೆ ಸಂಜೆ ಆಫೀಸಿನಿಂದ ಬೇಗ ಹೊರಟು ಹೊಸ ಕೆಲಸ ಕಲಿತೆ, ಕಂಪನಿ ಬದಲಿಸಿದೆ, ಆಗ ಸಂಬಳ ಏರಿತು.

ಮೌನಿ:
ಆರೋಗ್ಯವನ್ನೂ ಲೆಕ್ಕಕ್ಕೆ ಸೇರಿಸಿ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35 ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ.

ರಾತ್ರಿದೀಪ:
ನಮ್ಮ ಶೀಟಿನಲ್ಲೂ 8ರ ಮೇಲೆ ಬರೆಯೋಕೆ ಆಗಲ್ಲ. ಇವತ್ತೇ ಡೈರಿಯಲ್ಲಿ ಗಂಟೆ ಬರೆದಿಡೋಕೆ ಶುರು ಮಾಡುತ್ತೇನೆ.