ಇಂಗ್ಲಿಷ್ ಬಂದರೆ ಲೋಕವಿಡೀ ನಡೆಯುತ್ತದಾ?

ಪ್ರಶ್ನೆ (ಬದಿಯಡ್ಕ):
ಮಗಳು ಕನ್ನಡ ಮೀಡಿಯಂ, 4ನೇ ಕ್ಲಾಸ್. ಮನೆಗೆ ಬಂದವರೆಲ್ಲ "ಇಂಗ್ಲಿಷ್ ಮೀಡಿಯಂಗೆ ಹಾಕಿ, ಈಗ ಲೋಕವೆಲ್ಲ ಅದೇ" ಅಂತಾರೆ. ನಿಜವಾ? ಹೊರಗೆ ಓಡಾಡಿದವರು ಹೇಳಿ. ರಾತ್ರಿ ನಿದ್ದೆ ಬರುವುದಿಲ್ಲ.

ಉತ್ತರ (ಉಪ್ಪಳ):
22 ವರ್ಷ ಸರಕು ಹಡಗಿನಲ್ಲಿದ್ದೆ. ಮನೆಮಾತು ತುಳು, ಓದಿದ್ದು ಕನ್ನಡ ಶಾಲೆ. ಹಡಗಿನ ಮೇಲೆ ಇಂಗ್ಲಿಷ್ ಬೇಕೇ ಬೇಕು. ನಾನು ಚುಕ್ಕಾಣಿ ಹಿಡಿದು ನಿಂತಾಗ ಪೈಲಟ್ (ಬಂದರಿನ ದಾರಿ ತೋರಿಸಲು ಹಡಗು ಹತ್ತುವವನು) "ಸ್ಟಾರ್‌ಬೋರ್ಡ್ ಟೆನ್", ಅಂದರೆ ಚುಕ್ಕಾಣಿ ಬಲಕ್ಕೆ ಹತ್ತು ಡಿಗ್ರಿ, ಅಂತ ಹೇಳಿದರೆ ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಬೇಕು, ತಿರುಗಿಸಿದ ಮೇಲೆ ಇನ್ನೊಮ್ಮೆ. ಪೈಲಟ್ ಕೊರಿಯಾದವನಿರಲಿ, ಗ್ರೀಸಿನವನಿರಲಿ, ಇದೇ ಮಾತು. ಅಂತಾರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಇಂಥ ವಾಕ್ಯಗಳ ಪಟ್ಟಿಯನ್ನೇ ಒಪ್ಪಿಕೊಂಡಿದೆ. ಊಟಕ್ಕೆ ಕೂತಾಗ ಮಾತ್ರ ಫಿಲಿಪೀನ್ಸಿನವರು ಟಗಾಲೋಗ್, ನಾವು ಊರಿನವರು ಸಿಕ್ಕಿದರೆ ತುಳು.

ಬಂದರಿನ ಗೇಟು ದಾಟಿದರೆ ಬೇರೆಯೇ ಕಥೆ. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ ಬಸ್ ಡ್ರೈವರ್ ಕೂಡ ಸಲೀಸಾಗಿ ಇಂಗ್ಲಿಷ್ ಮಾತಾಡುತ್ತಿದ್ದ. ಬ್ರೆಜಿಲಿನ ಸಾಂಟೋಸ್‌ನಲ್ಲಿ ಹಲ್ಲುನೋವು ಅಂತ ಔಷಧಿ ಅಂಗಡಿಗೆ ಹೋದೆ. ನನ್ನ ಇಂಗ್ಲಿಷ್ ಆ ಹುಡುಗಿಗೆ ತಿಳಿಯಲಿಲ್ಲ, ಅವಳ ಪೋರ್ಚುಗೀಸ್ ನನಗೆ ತಿಳಿಯಲಿಲ್ಲ. ಕೆನ್ನೆ ಒತ್ತಿ ತೋರಿಸಿದೆ. ಅವಳು ಮಾತ್ರೆಯ ಡಬ್ಬದ ಮೇಲೆ ಒಂದು ಗಡಿಯಾರ ಬರೆದು ಪಕ್ಕದಲ್ಲಿ 8 ಅಂತ ಹಾಕಿದಳು. ಎಂಟು ಗಂಟೆಗೊಂದು! ಆ ಡಬ್ಬ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ.

ನಾನು ಇಂಗ್ಲಿಷಿನಲ್ಲಿ ಬಾಯಿ ತೆರೆದದ್ದೇ 19ನೇ ವಯಸ್ಸಿಗೆ. ಮಗುವಿಗೆ ಇಂಗ್ಲಿಷ್ ಚೆನ್ನಾಗಿ ಕಲಿಸಿ. ಅದಕ್ಕಾಗಿ ಕನ್ನಡ ಶಾಲೆ ಬಿಡಿಸಬೇಡಿ.

ಉತ್ತರ (ನೀರ್ಚಾಲು):
ಟೀಚರ್ ನಾನು. ಲೋಕದಲ್ಲಿ ಇಂಗ್ಲಿಷ್ ಬಲ್ಲವರು ಸುಮಾರು 150 ಕೋಟಿ ಅಂತ ಅಂದಾಜು. ಅಷ್ಟು ಜನ ಇನ್ಯಾವ ಭಾಷೆಗೂ ಸುಲಭಕ್ಕೆ ಸಿಗುವುದಿಲ್ಲ. ಆದರೆ ಲೋಕದಲ್ಲಿರುವುದು 800 ಕೋಟಿ ಜನ. ಮನೆಮಾತೇ ಇಂಗ್ಲಿಷ್ ಆದವರು 40 ಕೋಟಿಯ ಆಸುಪಾಸು. ಮಿಕ್ಕವರೆಲ್ಲ ನಮ್ಮ ಹಾಗೆ ಕಲಿತವರು, ಅಲ್ವಾ? 2011ರ ಜನಗಣತಿಯಲ್ಲಿ ಭಾರತದಲ್ಲಿ ಮನೆಮಾತು ಇಂಗ್ಲಿಷ್ ಅಂದವರು 2.6 ಲಕ್ಷ. ಎರಡನೇ, ಮೂರನೇ ಭಾಷೆ ಅಂದವರನ್ನು ಸೇರಿಸಿದರೂ ನೂರಕ್ಕೆ ಹತ್ತು ಹನ್ನೊಂದು ಮಂದಿ. ನಮ್ಮ ಕಾಸರಗೋಡಿನ ಮಕ್ಕಳು ಮನೆಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡುತ್ತಾರೆ. ಅವರಿಗೆ ಇನ್ನೊಂದು ಭಾಷೆ ಭಾರವಲ್ಲ.

ಬದಿಯಡ್ಕ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ಗಡಿಯಾರದ ಕಥೆ ಓದಿ ಹೇಳಿದೆ. ಪೋರ್ಚುಗೀಸಿನಲ್ಲಿ ಹಲ್ಲಿಗೆ ಏನಂತಾರೆ ಅಂತ ಕೇಳ್ತಿದ್ದಾಳೆ.

ಉಪ್ಪಳ:
ದೆಂತಿ. ನಮ್ಮ ದಂತದ ಹಾಗೇ ಇದೆ ಅಂತ ಹೇಳಿ.