ಕರೆಂಟ್‌ಗೆ ದಿಕ್ಕು ಇದೆ, ಆದ್ರೂ ವೆಕ್ಟರ್ ಯಾಕಲ್ಲ?

ಪ್ರಶ್ನೆ:
ಎರಡು ದಿನದಿಂದ ಒಂದು ಡೌಟು ತಲೆ ತಿಂತಿದೆ. ಬರೀ ಅಳತೆ ಇದ್ರೆ ಅದಿಶ (ಸ್ಕೇಲಾರ್), ದಿಕ್ಕೂ ಇದ್ರೆ ಸದಿಶ (ವೆಕ್ಟರ್) ಅಂತ ತಾನೆ ಎಲ್ಲರೂ ಉರು ಹೊಡೆದಿರೋದು? ಸರ್ಕ್ಯೂಟ್ ಬರೆಯುವಾಗ ಕರೆಂಟ್‌ಗೆ ಬಾಣ ಹಾಕ್ತೀವಿ, 2 ಆಂಪಿಯರ್ ಅಂತ ಅಳತೆನೂ ಇದೆ, ಆದ್ರೆ ಟೆಸ್ಟಲ್ಲಿ ವೆಕ್ಟರ್ ಅಂತ ಟಿಕ್ ಹಾಕಿದ್ದಕ್ಕೆ ಮಾರ್ಕ್ಸ್ ಹೋಯ್ತು. ಸರ್‌ನ ಕೇಳಿದ್ರೆ "ಅದು ಸ್ಕೇಲಾರ್ ಅಷ್ಟೇ, ಬರ್ಕೊಳ್ಳಿ" ಅಂದ್ರು. ಯಾರಾದ್ರೂ ಬಿಡಿಸಿ ಹೇಳ್ತೀರಾ?

ರಿಪ್ಲೈ 1:
ನೀವು ಉರು ಹೊಡೆದಿರೋ ವ್ಯಾಖ್ಯೆನೇ ಅರ್ಧಂಬರ್ಧ. ದಿಕ್ಕಿದ್ರೆ ಸಾಲದು, ಕೂಡಿಸುವಾಗ ಸಮಾಂತರ ಚತುರ್ಭುಜ ನಿಯಮಕ್ಕೂ ಬಗ್ಗಬೇಕು, ಅಂದ್ರೆ ಎರಡರ ಮಧ್ಯೆ ಇರೋ ಕೋನ ನೋಡಿ ಮೊತ್ತ ಬದಲಾಗಬೇಕು. 3 ನ್ಯೂಟನ್, 4 ನ್ಯೂಟನ್ ಎರಡು ಬಲ ತಗೊಳ್ಳಿ, ಒಂದೇ ಕಡೆ ಎಳೆದ್ರೆ 7, ಎದುರುಬದುರು ಎಳೆದ್ರೆ 1, ಲಂಬವಾಗಿದ್ರೆ 5. ಈಗ ಮೂರು ವೈರ್ ಸೇರೋ ಜಂಕ್ಷನ್ ನೋಡಿ, ಒಂದರಿಂದ 3 ಆಂಪಿಯರ್ ಇನ್ನೊಂದರಿಂದ 4 ಆಂಪಿಯರ್ ಒಳಗೆ ಬಂದ್ರೆ ಮೂರನೇದರಲ್ಲಿ 7 ಹೋಗಲೇಬೇಕು, ವೈರ್‌ಗಳ ಮಧ್ಯೆ ಕೋನ ಎಷ್ಟೇ ಇರಲಿ, ಯಾಕಂದ್ರೆ ಚಾರ್ಜು ಮಧ್ಯದಲ್ಲಿ ಮಾಯ ಆಗಲ್ಲ. ಕಿರ್ಕಾಫ್ ನಿಯಮ ಅಂತ ಓದಿರೋದು ಇದನ್ನೇ. ವೈರ್‌ನ ಸುರುಳಿ ಸುತ್ತಿದ್ರೂ ಆಮ್ಮೀಟರ್ ಅದೇ 2 ತೋರ್ಸುತ್ತೆ.

ಪ್ರಶ್ನೆ ಕೇಳಿದವರು:
ಹಾಗಾದ್ರೆ ಆ ಬಾಣ ಸುಳ್ಳಾ?

ರಿಪ್ಲೈ 2:
ಸುಳ್ಳಲ್ಲ, ಅದು ಬರೀ ಪ್ಲಸ್ ಮೈನಸ್ ಗುರುತು. ವೈರ್‌ನ ಅಡ್ಡಕೊಯ್ತದ ಈ ಕಡೆಯಿಂದ ಆ ಕಡೆಗೋ, ಆ ಕಡೆಯಿಂದ ಈ ಕಡೆಗೋ ಅಂತಷ್ಟೇ ಹೇಳುತ್ತೆ. ನಿಜವಾದ ವೆಕ್ಟರ್ ಬೇಕಂದ್ರೆ ಕರೆಂಟ್ ಡೆನ್ಸಿಟಿ ನೋಡಿ, ಅಂದ್ರೆ ಒಂದೊಂದು ಜಾಗದಲ್ಲೂ ಪ್ರತಿ ಚದರ ಮೀಟರ್‌ಗೆ ಎಷ್ಟು ಕರೆಂಟ್ ಯಾವ ಕಡೆಗೆ ಹರೀತಿದೆ ಅನ್ನೋದು. ಅದನ್ನ ವಿಸ್ತೀರ್ಣದ ವೆಕ್ಟರ್ (ಅಡ್ಡಕೊಯ್ತಕ್ಕೆ ಲಂಬವಾಗಿರೋ ಬಾಣ, ಅಳತೆ ವಿಸ್ತೀರ್ಣದಷ್ಟು) ಜೊತೆ ಡಾಟ್ ಗುಣಾಕಾರ ಮಾಡಿದ್ರೆ ಕರೆಂಟ್ ಸಿಗುತ್ತೆ, ಡಾಟ್ ಅಂದ್ಮೇಲೆ ಉತ್ತರ ಸ್ಕೇಲಾರೇ ತಾನೆ. ಒತ್ತಡದ ಕಥೆನೂ ಹತ್ರ ಹತ್ರ ಹೀಗೇ, ಅಲ್ಲಿ ದಿಕ್ಕು ಬರೋದು ಮೇಲ್ಮೈಯಿಂದ.

ರಿಪ್ಲೈ 3:
ಇದಕ್ಕಿಂತ ಮಜಾ ಬೇಕಾ? ಒಂದು ಪುಸ್ತಕನ ಟೇಬಲ್ ಮೇಲೆ ಮಲಗಿಸಿ. ಮೊದಲು ರಕ್ಷಾಪುಟ ನಿಮ್ಮ ಕಡೆ ಬರೋ ಹಾಗೆ 90 ಡಿಗ್ರಿ ಎಬ್ಬಿಸಿ, ಆಮೇಲೆ ಬುಗುರಿ ತರ ಎಡಕ್ಕೆ 90 ಡಿಗ್ರಿ ತಿರುಗಿಸಿ. ಮತ್ತೆ ಮೊದಲಿಂದ, ಈ ಸಲ ಕ್ರಮ ಅದಲು ಬದಲು ಮಾಡಿ. ಎರಡು ಸಲವೂ ಪುಸ್ತಕ ನಿಲ್ಲೋ ರೀತಿ ಬೇರೆ ಬೇರೆ, ಆದ್ರೆ ವೆಕ್ಟರ್‌ಗಳನ್ನ ಯಾವ ಕ್ರಮದಲ್ಲಿ ಕೂಡಿಸಿದ್ರೂ ಉತ್ತರ ಒಂದೇ ಬರಬೇಕು. ತಿರುಗೋದಕ್ಕೆ ಅಳತೆನೂ ಇದೆ, ಅಕ್ಷದ ದಿಕ್ಕೂ ಇದೆ, ಆದ್ರೂ ವೆಕ್ಟರ್ ಅಲ್ಲ. ತೀರಾ ಚಿಕ್ಕ ಕೋನಕ್ಕೆ ಮಾತ್ರ ಲೆಕ್ಕ ಸರಿ ಬರುತ್ತೆ, ಅದಕ್ಕೇ ಕೋನೀಯ ವೇಗ (ಎಷ್ಟು ಬೇಗ, ಯಾವ ಅಕ್ಷದ ಸುತ್ತ ತಿರುಗ್ತಿದೆ ಅನ್ನೋದು) ವೆಕ್ಟರ್ ಆಗಿರೋದು.

ಪ್ರಶ್ನೆ ಕೇಳಿದವರು:
ಈಗಷ್ಟೇ ಮಾಡಿ ನೋಡ್ದೆ! ಒಂದು ಸಲ ಪುಸ್ತಕ ನೆಟ್ಟಗೆ ನಿಂತು ಬೆನ್ನು ನನ್ನ ಕಡೆ ಬಂತು, ಇನ್ನೊಂದು ಸಲ ಬೆನ್ನು ಕೆಳಗಾಗಿ ಅಡ್ಡ ನಿಂತಿದೆ. ಮಾರ್ಕ್ಸ್ ಹೋಗಿದ್ದು ಹೋಯ್ತು ಬಿಡಿ, ಥ್ಯಾಂಕ್ಸ್.